ಮನೆ ಗಾಡಿಗೆ ಗಟ್ಟಿ ಬ್ರೇಕು

ಈಗ ಎಷ್ಟೋ ಊರುಗಳಲ್ಲಿ ದೊಡ್ಡ ಗಾಡಿಗಳಿವೆ. ಕೆಲವರ ಮನೆಯಲ್ಲಿ ಹಳೇ ಜೀಪು. ಕೆಲವರ ಮನೆಯಲ್ಲಿ ಬೊಲೆರೊ. ಸಂತೆಗೆ, ಮದುವೆಗೆ, ಆಸ್ಪತ್ರೆಗೆ, ಧರ್ಮಸ್ಥಳಕ್ಕೆ ಅದರಲ್ಲೇ ಹೋಗುತ್ತೇವೆ. ಓಡಿಸುವವರು ಹೆಚ್ಚಾಗಿ ಗಂಡಸರು. ಒಳಗೆ ಕೂರುವವರು ನಾವು, ನಮ್ಮ ಮಕ್ಕಳು, ವಯಸ್ಸಾದ ಅತ್ತೆ ಮಾವ. ಸೀಟಿಗೆ ಹೊಸ ಬಟ್ಟೆ ಹಾಕಿಸಿದರೆ ಎಲ್ಲರಿಗೂ ಕಾಣುತ್ತದೆ. ಬ್ರೇಕು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಅದರ ಸರದಿ ಕೊನೆಗೆ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: "ನಮ್ಮ ಜೀಪಿನ ಬ್ರೇಕು ಸರಿಯಾಗಿ ಹಿಡೀತಿಲ್ಲ. ಡಿಸ್ಕ್ ಬ್ರೇಕು ಹಾಕಿಸ್ಬೇಕು, ಸಂಘದಲ್ಲಿ ಸಾಲ ತೆಗಿ ಅಂತಾರೆ ನಮ್ಮನೆಯವರು. ತೆಗೀಲಾ ಬೇಡ್ವಾ?"

ಒಳ್ಳೆಯ ಪ್ರಶ್ನೆ. ಸಾಲ ನಮ್ಮ ಹೆಸರಿನಲ್ಲಿ. ಜೀವವೂ ನಮ್ಮದೇ. ಬನ್ನಿ, ಬ್ರೇಕು ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲು ತಿಳಿಯೋಣ.

ಚಳಿಯಲ್ಲಿ ಎರಡು ಅಂಗೈ ಉಜ್ಜುತ್ತೇವೆ. ಕೈ ಬಿಸಿಯಾಗುತ್ತದೆ. ಬ್ರೇಕಿನ ಕೆಲಸವೂ ಉಜ್ಜುವುದೇ. ಹಳೇ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು ಇರುತ್ತದೆ. ಡ್ರಮ್ ಅಂದರೆ ಕಬ್ಬಿಣದ ಬೋಗುಣಿಯ ಹಾಗೆ. ಅದು ಚಕ್ರದ ಜೊತೆ ತಿರುಗುತ್ತದೆ. ಅದರೊಳಗೆ ಎರಡು ಬ್ರೇಕ್ ಶೂ ಇರುತ್ತವೆ. ಪೆಡಲ್ ತುಳಿದಾಗ ಅವು ಅಗಲವಾಗಿ ಡ್ರಮ್ಮಿನ ಒಳಮೈಗೆ ಒತ್ತುತ್ತವೆ. ಗಾಡಿ ನಿಲ್ಲುತ್ತದೆ. ಒಳಗೆ ಬಿಸಿ ಹುಟ್ಟುತ್ತದೆ. ಬೋಗುಣಿ ಮುಚ್ಚಿದ್ದರಿಂದ ಆ ಬಿಸಿ ಬೇಗ ಹೊರಗೆ ಹೋಗುವುದಿಲ್ಲ.

ಡಿಸ್ಕ್ ಅಂದರೆ ತಟ್ಟೆ. ಸೈಕಲ್ಲಿನ ಬ್ರೇಕು ನೋಡಿದ್ದೀರಿ. ಎರಡು ರಬ್ಬರು ಚಕ್ರದ ಅಂಚನ್ನು ಎರಡು ಕಡೆಯಿಂದ ಹಿಡಿಯುತ್ತವೆ. ಡಿಸ್ಕ್ ಬ್ರೇಕೂ ಹಾಗೇ. ಕಬ್ಬಿಣದ ತಟ್ಟೆಯನ್ನು ಎರಡು ಪ್ಯಾಡು ಅಮುಕಿ ಹಿಡಿಯುತ್ತವೆ. ತಟ್ಟೆ ಗಾಳಿಗೆ ತೆರೆದಿರುತ್ತದೆ, ಬೇಗ ತಣ್ಣಗಾಗುತ್ತದೆ. ನೀರು ಬಿದ್ದರೂ ಬೇಗ ಒಣಗುತ್ತದೆ. ಆದ್ದರಿಂದ ಘಾಟಿ ಇಳಿಯುವಾಗ ಡಿಸ್ಕ್ ಒಳ್ಳೆಯದು. ಬೊಲೆರೊದಂಥ ಗಾಡಿಗೆ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್, ಹಿಂದಿನ ಎರಡಕ್ಕೆ ಡ್ರಮ್.

ಮುಂದಕ್ಕೇ ಯಾಕೆ? ಬಸ್ಸು ಗಕ್ಕನೆ ನಿಂತರೆ ನಾವೆಲ್ಲ ಮುಂದಕ್ಕೆ ವಾಲುತ್ತೇವೆ, ಅಲ್ಲವೇ? ಗಾಡಿಯ ಭಾರವೂ ಹಾಗೇ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ನಿಲ್ಲಿಸುವ ಕೆಲಸ ಹೆಚ್ಚು ಮಾಡುವುದು ಮುಂದಿನ ಚಕ್ರವೇ.

ಹಾಗಾದರೆ ಸಾಲ ತೆಗೆದು ಡಿಸ್ಕ್ ಹಾಕಿಸಿಬಿಡೋಣವೇ? ಸ್ವಲ್ಪ ತಡೆಯಿರಿ. ಬ್ರೇಕು ಹಿಡಿಯುತ್ತಿಲ್ಲ ಅಂದರೆ ಬ್ರೇಕಿನ ಜಾತಿ ಕೆಟ್ಟದ್ದು ಅಂತಲ್ಲ. ಅದರ ಆರೈಕೆ ತಪ್ಪಿರಬಹುದು.

ಎಲ್ಲರೂ ಮರೆಯುವುದು ಬ್ರೇಕ್ ಆಯಿಲ್ಲನ್ನು. ಕಾಲಿನ ಒತ್ತಡವನ್ನು ಚಕ್ರದವರೆಗೆ ಒಯ್ಯುವುದು ಈ ಎಣ್ಣೆ. ಪಿಚಕಾರಿಯಲ್ಲಿ ನೀರು ತುಂಬಿ ತುದಿ ಮುಚ್ಚಿ ಒತ್ತಿ ನೋಡಿ. ನೀರು ಅಮುಕಲು ಆಗುವುದಿಲ್ಲ. ಬರೀ ಗಾಳಿ ತುಂಬಿ ಒತ್ತಿ. ಮೆತ್ತಗೆ ಅಮುಕುತ್ತದೆ. ಬ್ರೇಕಿನ ಕೊಳವೆಯಲ್ಲಿ ಗಾಳಿ ಸೇರಿದರೂ ಹಾಗೇ. ಪೆಡಲ್ ಮೆತ್ತಗಾಗುತ್ತದೆ. ಕಾಲು ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಮಳೆಗಾಲದಲ್ಲಿ ಉಪ್ಪಿನ ಭರಣಿ ಏನಾಗುತ್ತದೆ? ಉಪ್ಪು ತೇವ ಕುಡಿದು ನೀರೂರುತ್ತದೆ. ಬ್ರೇಕ್ ಆಯಿಲ್ಲಿಗೂ ಅದೇ ಗುಣ. ಗಾಳಿಯಲ್ಲಿರುವ ತೇವವನ್ನು ದಿನ ದಿನವೂ ಕುಡಿಯುತ್ತದೆ. ಹೊಸ ಡಾಟ್ 3 ಎಣ್ಣೆ 205 ಡಿಗ್ರಿ ಬಿಸಿಯವರೆಗೆ ಕುದಿಯಬಾರದು ಎಂಬ ನಿಯಮವಿದೆ. ತೇವ ಕುಡಿದರೆ ಅದೇ ಎಣ್ಣೆ 140 ಡಿಗ್ರಿಗೆ ಕುದಿಯಬಹುದು. ಡಾಟ್ 4 ಎಣ್ಣೆಗೆ ಈ ಅಂಕಿಗಳು 230 ಮತ್ತು 155. ಘಾಟಿಯಲ್ಲಿ ಬ್ರೇಕು ತುಳಿದೂ ತುಳಿದೂ ಎಣ್ಣೆ ಕುದಿಯಿತು ಅನ್ನಿ. ಒಳಗೆ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಅಂದರೆ ಗಾಳಿ ಇದ್ದ ಹಾಗೇ. "ಬ್ರೇಕ್ ಫೇಲ್ ಆಯ್ತು" ಅನ್ನುತ್ತಾರಲ್ಲ, ಎಷ್ಟೋ ಸಲ ಆಗಿರುವುದು ಇದೇ. ಗಾಡಿ ತಣ್ಣಗಾದ ಮೇಲೆ ಪೆಡಲ್ ಮತ್ತೆ ಸರಿ ಇದ್ದಂತೆ ಕಾಣುತ್ತದೆ. ಅದನ್ನು ನಂಬಬಾರದು.

ಹೆಚ್ಚಿನ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ ಈ ಎಣ್ಣೆ ಬದಲಿಸಬೇಕು. ಹೊಸ ಡಿಸ್ಕಿನ ಖರ್ಚಿನ ಮುಂದೆ ಇದು ಬಹಳ ಸಣ್ಣ ಖರ್ಚು. ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಯಾವ ಎಣ್ಣೆ ಎಂದು ಬರೆದಿರುತ್ತದೆ. ಅಕ್ಷರ ಇಂಗ್ಲಿಷಿನದು. ಆದರೆ ಪಕ್ಕದ ಅಂಕಿ ಓದಲು ನಮಗೆ ಬರುತ್ತದೆ. 3 ಅಂತ ಇದೆಯಾ, 4 ಅಂತ ಇದೆಯಾ? ಅಂಗಡಿಯಿಂದ ತಂದ ಬಾಟಲಿಯ ಮೇಲೂ ಅದೇ ಅಂಕಿ ಇರಲಿ. ಇಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರು ಊದಿ ಕೆಡುತ್ತದೆ. ಮುಚ್ಚಳ ತೆಗೆದು ಎಷ್ಟೋ ದಿನವಾದ ಬಾಟಲಿಯ ಎಣ್ಣೆಯೂ ಬೇಡ. ಇನ್ನೊಂದು ಮಾತು. ಈ ಎಣ್ಣೆ ವಿಷ. ಮಕ್ಕಳ ಕೈಗೆ ಸಿಗಬಾರದು.

ಆಮೇಲೆ ಲೈನರ್ ಮತ್ತು ಪ್ಯಾಡು. ಚಪ್ಪಲಿಯ ಅಟ್ಟೆ ಸವೆಯುವ ಹಾಗೆ ಇವೂ ಸವೆಯುತ್ತವೆ. ಎರಡು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದು ಇಡಿ. ಸುಮಾರು 3 ಮಿಲಿಮೀಟರ್ ದಪ್ಪ. ಡಿಸ್ಕಿನ ಪ್ಯಾಡು ಅಷ್ಟಕ್ಕೆ ಇಳಿದರೆ ಬದಲಿಸಬೇಕು. ಒಂದೇ ಚಕ್ರಕ್ಕೆ ಹಾಕಿಸಬಾರದು. ಎಡಕ್ಕೆ ಹಾಕಿಸಿದರೆ ಬಲಕ್ಕೂ ಹಾಕಿಸಬೇಕು. ಇಲ್ಲದಿದ್ದರೆ ಬ್ರೇಕು ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹೊಸದು ಹಾಕಿಸಿದ ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ಹೋಗಬೇಕು. ಹೊಸ ಒರಳಿಗೆ ರುಬ್ಬುಗುಂಡು ಕೂಡಿಕೊಳ್ಳಲು ನಾಲ್ಕು ದಿನ ಬೇಕಲ್ಲ, ಹಾಗೆ.

ಇವೆಲ್ಲ ಸರಿ ಮಾಡಿಸಿದ ಮೇಲೂ ಬ್ರೇಕು ಸಾಲದು ಅನ್ನಿಸಿದರೆ, ದಿನವೂ ಘಾಟಿ ಹತ್ತಿ ಇಳಿಯುವ ಗಾಡಿ ಆದರೆ, ಆಗ ಡಿಸ್ಕಿನ ಮಾತು. ಬರೀ ತಟ್ಟೆ ಕೂರಿಸಿದರೆ ಆಗದು. ಅದಕ್ಕೆ ಹೊಂದುವ ಮಾಸ್ಟರ್ ಸಿಲಿಂಡರ್ ಬೇಕು, ಬೂಸ್ಟರ್ ಬೇಕು. ಮುಂದೆ ಹಿಂದೆ ಲೆಕ್ಕ ತಪ್ಪಿ ಹಿಂದಿನ ಚಕ್ರ ಮೊದಲು ಬಿಗಿದರೆ ಗಾಡಿ ಗಿರ್ರನೆ ತಿರುಗಿಬಿಡುತ್ತದೆ. ಗುಜರಿಯ ಒಂದು ಗಾಡಿಯದು ಬಿಚ್ಚಿ ಇನ್ನೊಂದಕ್ಕೆ ಜೋಡಿಸುವುದನ್ನು ನಾವು ಖಂಡಿತ ಒಪ್ಪುವುದಿಲ್ಲ. ಕಂಪನಿ ಮಾಡಿದ ಗಾಡಿಯನ್ನು ನಮಗೆ ಬೇಕಾದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಕಟ್ಟುಪಾಡು ಇದೆ. ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಬೇಕು. ಚೆಂದಕ್ಕೆಂದು ದೊಡ್ಡ ದೊಡ್ಡ ಟೈರು ಹಾಕಿಸುವವರೂ ಇದ್ದಾರೆ. ದೊಡ್ಡ, ಭಾರದ ಚಕ್ರ ನಿಲ್ಲಿಸಲು ಬ್ರೇಕಿಗೆ ಇನ್ನೂ ಕಷ್ಟ.

ಎಂಥ ಬ್ರೇಕಿದ್ದರೂ ವೇಗಕ್ಕೆ ಒಂದು ಲೆಕ್ಕ ಉಂಟು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ವೇಗ 80 ಆದರೆ 22 ಮೀಟರ್. ಆದರೆ ಬ್ರೇಕು ತುಳಿದ ಮೇಲೆ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು! ಭಾರವೂ ಹಾಗೇ ಬ್ರೇಕನ್ನು ದಣಿಸುತ್ತದೆ. ಗಾಡಿಯ ಆರ್.ಸಿ.ಯಲ್ಲಿ ಎಷ್ಟು ಜನ ಕೂರಬಹುದು ಎಂದು ಬರೆದಿದೆ. ಆ ಅಂಕಿಯನ್ನೂ ಓದಿ.

ಆಗುಂಬೆ ಘಾಟಿಯಲ್ಲಿ 14 ತಿರುವುಗಳಿವೆ. ಇಂಥ ಕಡೆ ಡೀಸೆಲ್ ಉಳಿಸಲೆಂದು ಇಂಜಿನ್ ಬಂದ್ ಮಾಡಿಯೋ, ನ್ಯೂಟ್ರಲ್‌ನಲ್ಲೋ ಗಾಡಿ ಬಿಡುವವರಿದ್ದಾರೆ. ಇದು ಬಹಳ ಅಪಾಯ. ಇಂಜಿನ್ ನಿಂತರೆ ಬೂಸ್ಟರಿನ ಸಹಾಯ ನಿಲ್ಲುತ್ತದೆ. ಎರಡು ಮೂರು ಸಲ ತುಳಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು. ಆಗ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಸುಟ್ಟ ವಾಸನೆ ಬಂದರೆ ಹಿಂದೆ ಕೂತವರೇ ಹೇಳಬಹುದು: "ಅಣ್ಣಾ, ಏನೋ ಸುಟ್ಟ ವಾಸನೆ ಬರ್ತಿದೆ. ಜಾಗ ನೋಡಿ ಸ್ವಲ್ಪ ನಿಲ್ಸಿ." ಇದಕ್ಕೆ ನಾಚಿಕೆ ಯಾಕೆ?

ನಡುದಾರಿಯಲ್ಲಿ ಬ್ರೇಕು ಹಿಡಿಯದಿದ್ದರೆ? ಪೆಡಲನ್ನು ಬೇಗ ಬೇಗ ತುಳಿಯಬೇಕು. ಒಂದೊಂದೇ ಗೇರು ಇಳಿಸಬೇಕು. ಹ್ಯಾಂಡ್ ಬ್ರೇಕನ್ನು ಮೆಲ್ಲ ಮೆಲ್ಲಗೆ ಎಳೆಯಬೇಕು. ಇಂಜಿನ್ ಬಂದ್ ಮಾಡಬಾರದು.

ಚಾಲಕನ ಮುಂದೆ ಒಂದು ಕೆಂಪು ದೀಪ ಇರುತ್ತದೆ. ವೃತ್ತದೊಳಗೆ ಉದ್ಗಾರ ಚಿಹ್ನೆ. ನಾವು ಪಾಠದಲ್ಲಿ ಕಲಿತ ಚಿಹ್ನೆಯೇ. ಹ್ಯಾಂಡ್ ಬ್ರೇಕು ಬಿಟ್ಟ ಮೇಲೂ ಅದು ಉರಿಯುತ್ತಿದ್ದರೆ ಗಾಡಿ ಹೊರಡಿಸಬಾರದು. ಎಣ್ಣೆ ಕಡಿಮೆಯಾಗಿರಬಹುದು, ಎಲ್ಲೋ ಸೋರುತ್ತಿರಬಹುದು.

ಆ ಅಕ್ಕನಿಗೆ ನಾವು ಹೇಳಿದ್ದು ಇಷ್ಟು: ಸಾಲದ ಅರ್ಜಿ ಬರೆಯುವ ಮೊದಲು ಗ್ಯಾರೇಜಿಗೆ ನೀವೂ ಹೋಗಿ. ಚಕ್ರ ಬಿಚ್ಚಿ ಲೈನರ್ ತೋರಿಸಲು ಹೇಳಿ. ಎಣ್ಣೆ ಯಾವಾಗ ಬದಲಿಸಿದ್ದು ಕೇಳಿ. ಆದರೆ ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಬೇಡಿ, ಊದಲೂ ಬಿಡಬೇಡಿ. ಹಳೇ ಲೈನರುಗಳಲ್ಲಿ ಕಲ್ನಾರು ಇರಬಹುದು. ಅದು ಶ್ವಾಸಕೋಶಕ್ಕೆ ಕೆಡುಕು. ಕೆಲಸ ಮುಗಿದ ಮೇಲೆ ಬಿಲ್ಲು ಕೇಳಿ ಪಡೆಯಿರಿ. ಸಾಮಾನು ಎಷ್ಟು, ಕೂಲಿ ಎಷ್ಟು ಬೇರೆ ಬೇರೆ ಓದಿ. ಬಿಚ್ಚಿದ ಹಳೇ ಸಾಮಾನನ್ನೂ ನೋಡಿ.

ಬರೆಯಿರಿ
(ಒಂದು ಹಾಳೆಯಲ್ಲಿ ಬರೆದು ಗಾಡಿಯೊಳಗೆ ಅಂಟಿಸಿ)

ಬ್ರೇಕ್ ಆಯಿಲ್ ಬದಲಿಸಿದ ದಿನ: ..........
ಆಗ ಗಾಡಿ ಓಡಿದ್ದ ಕಿಲೋಮೀಟರ್: ..........
ಮುಚ್ಚಳದ ಮೇಲಿನ ಅಂಕಿ: ..........
ಲೈನರ್, ಪ್ಯಾಡು ನೋಡಿಸಿದ ದಿನ: ..........
ಆರ್.ಸಿ.ಯಲ್ಲಿ ಬರೆದಿರುವ ಸೀಟು: ..........

ಲೆಕ್ಕ ಮಾಡಿ
ಗಾಡಿಯ ವೇಗ 40. ಚಾಲಕ ಫೋನು ನೋಡುತ್ತಾ 3 ಸೆಕೆಂಡು ಕಳೆದ. ಬ್ರೇಕು ತುಳಿಯುವ ಮೊದಲೇ ಗಾಡಿ ಎಷ್ಟು ಮೀಟರ್ ಹೋಯಿತು?