ದೀಪ ಹೊತ್ತಿದರೆ ಇಳಿದುಬಿಡು

ಮುಂದಿನ ತಿಂಗಳು ಜಕ್ಕೂರಿನಿಂದ 300 ನಾಟಿಕಲ್ ಮೈಲಿಯ ಸೋಲೋ ಅಂದೆಯಲ್ಲಮ್ಮ, ಕೇಳಿ ಸಂತೋಷವಾಯಿತು. ಹವಾಮಾನ, ಇಂಧನ, ನಕ್ಷೆ ಇವನ್ನೆಲ್ಲ ನಿನ್ನ ಇನ್‌ಸ್ಟ್ರಕ್ಟರ್ ತಿದ್ದಿ ತೀಡುತ್ತಾರೆ. ನಾನು ಹೇಳುವುದು ಒಂದೇ ವಿಷಯ: ನೀನೊಬ್ಬಳೇ ಮೇಲಿರುವಾಗ ವಿದ್ಯುತ್ ಕೊಡುವ ಆಲ್ಟರ್ನೇಟರ್ ಕೈಕೊಟ್ಟರೆ ಏನು ತೀರ್ಮಾನ ಮಾಡಬೇಕು ಅನ್ನುವುದು.

ಮೊದಲು ಧೈರ್ಯ ತಂದುಕೋ. ನೀನು ಹಾರಿಸುವ ಸೆಸ್ನಾ 172ರ ಎಂಜಿನ್‌ಗೆ ಬ್ಯಾಟರಿಯ ಹಂಗಿಲ್ಲ. ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಎರಡು ಮ್ಯಾಗ್ನೆಟೊಗಳು ಕಿಡಿ ಕೊಡುತ್ತಲೇ ಇರುತ್ತವೆ. ವೇಗ, ಎತ್ತರ ತೋರಿಸುವ ಹಳೆಯ ಮುಳ್ಳಿನ ಮೀಟರ್‌ಗಳು ಗಾಳಿಯ ಒತ್ತಡದಿಂದಲೇ ನಡೆಯುತ್ತವೆ. ಬ್ಯಾಟರಿ ಬರಿದಾದರೆ ಹೋಗುವುದು ರೇಡಿಯೋ, ಟ್ರಾನ್ಸ್‌ಪಾಂಡರ್, ದೀಪಗಳು, ಇಂಧನದ ಮುಳ್ಳು, ಫ್ಲಾಪ್. ಎಲ್ಲ ವಿಮಾನಕ್ಕೂ ಈ ಮಾತು ಸಲ್ಲದು. 2007ರಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ಬ್ಯಾಟರಿ ಬರಿದಾಗಿದ್ದ ಡೈಮಂಡ್ ಡಿಎ42 ಒಂದನ್ನು ಹೊರಗಿನ ವಿದ್ಯುತ್ತಿನಿಂದ ಚಾಲೂ ಮಾಡಿ ಹಾರಿಸಿದರು. ಮೇಲೇರಿ ಚಕ್ರ ಮಡಚುತ್ತಿದ್ದಂತೆ ವೋಲ್ಟೇಜ್ ಕುಸಿಯಿತು, ಎರಡೂ ಎಂಜಿನ್ ನಿಂತವು. ಅವುಗಳನ್ನು ನಿಯಂತ್ರಿಸುತ್ತಿದ್ದದ್ದು ಕಂಪ್ಯೂಟರ್. ಮುಂದೆ ಯಾವ ವಿಮಾನ ಹತ್ತಿದರೂ ಅದರ ಎಂಜಿನ್ ಯಾವುದನ್ನು ನಂಬಿ ಓಡುತ್ತದೆ ಅಂತ ಮೊದಲು ತಿಳಿದುಕೋ.

ಸೆಸ್ನಾದಲ್ಲಿ ನನ್ನನ್ನು ಹೆದರಿಸುವುದು ಬೇರೆಯೇ. ಆಲ್ಟರ್ನೇಟರ್ ಕೈಕೊಟ್ಟಿದೆ ಅಂತ ಎಚ್ಚರಿಸುವ ದೀಪ ಹೊತ್ತಿದ ಮೇಲೂ ಎಂಜಿನ್ನಿನ ಸದ್ದು ಬದಲಾಗುವುದಿಲ್ಲ, ರೇಡಿಯೋ ಮಾತಾಡುತ್ತಲೇ ಇರುತ್ತದೆ. ಇನ್ನೇನು ಸ್ವಲ್ಪ ದೂರ ತಾನೇ, ಹೋಗಿಯೇಬಿಡೋಣ ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದಕ್ಕೆ ಹತ್ತು ಜೀವ ಹೋದ ಕಥೆ ಹೇಳುತ್ತೇನೆ, ಕೇಳು.

1983ರ ಅಕ್ಟೋಬರ್ 11ರ ರಾತ್ರಿ, ಅಮೆರಿಕದ ಇಲಿನಾಯ್. ಏರ್ ಇಲಿನಾಯ್ ಕಂಪನಿಯ 710ನೇ ಫ್ಲೈಟ್, ಸ್ಪ್ರಿಂಗ್‌ಫೀಲ್ಡ್‌ನಿಂದ ಕಾರ್ಬನ್‌ಡೇಲ್‌ಗೆ ಹೊರಟ ಹಾಕರ್ ಸಿಡ್ಲಿ 748. ನಮ್ಮ ಕಾನ್ಪುರದಲ್ಲಿ ಎಚ್‌ಎಎಲ್ ತಯಾರಿಸುತ್ತಿದ್ದ ಆವ್ರೋ ಇದೆಯಲ್ಲ, ಅದೇ. ಆಗಲೇ ತಡವಾಗಿತ್ತು. ಮೇಲೆದ್ದ ಸುಮಾರು ಒಂದೂವರೆ ನಿಮಿಷಕ್ಕೇ ಎಡಗಡೆಯ ಜನರೇಟರ್ ಕೆಟ್ಟಿತು. ಗಡಿಬಿಡಿಯಲ್ಲಿ ಸಹಪೈಲಟ್ ಚೆನ್ನಾಗಿದ್ದ ಬಲಗಡೆಯದನ್ನು ಸಂಪರ್ಕದಿಂದ ತಪ್ಪಿಸಿಬಿಟ್ಟರು. ಉಳಿದದ್ದು ಬ್ಯಾಟರಿ ಮಾತ್ರ. ಬಿಟ್ಟುಬಂದ ರನ್‌ವೇ ಬೆನ್ನ ಹಿಂದೆಯೇ ಇತ್ತು, ಮುಂದಿನದು ಅರ್ಧ ಗಂಟೆಗೂ ಹೆಚ್ಚಿನ ದಾರಿ. ಕ್ಯಾಪ್ಟನ್ ಮುಂದಕ್ಕೇ ಹೋಗಲು ನಿರ್ಧರಿಸಿದರು. ಕತ್ತಲು, ಮೋಡ, ಇಳಿಯುತ್ತಿದ್ದ ವೋಲ್ಟೇಜ್. ಹೊರಟ ಅರ್ಧ ಗಂಟೆಯಾಚೆ ಪಿಂಕ್ನಿವಿಲ್ ಹತ್ತಿರ ನೆಲಕ್ಕೆ ಬಿತ್ತು. ಹತ್ತು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ತನಿಖೆ ನಡೆಸಿದ ಎನ್‌ಟಿಎಸ್‌ಬಿ ಮುಖ್ಯ ಕಾರಣವೆಂದು ಬೊಟ್ಟುಮಾಡಿದ್ದು ಕೆಟ್ಟ ಜನರೇಟರನ್ನಲ್ಲ, ಹತ್ತಿರದ ನಿಲ್ದಾಣಕ್ಕೆ ಮರಳದ ಆ ತೀರ್ಮಾನವನ್ನು. ಬ್ಯಾಟರಿಯ ಹೊರೆ ಸಾಕಷ್ಟು ತಗ್ಗಿಸದಿದ್ದದ್ದನ್ನೂ ಅದು ಎತ್ತಿ ಹೇಳಿತು.

ಆಲ್ಟರ್ನೇಟರ್ ಹೋದ ಮೇಲೆ ಬ್ಯಾಟರಿ ಅಂದರೆ ಕರೆಂಟ್ ಹೋದಾಗ ಮನೆ ಮೇಲಿನ ಟ್ಯಾಂಕಿನಲ್ಲಿ ಉಳಿದ ನೀರು. ಹೊಸ ಬ್ಯಾಟರಿ ಅರ್ಧ ಗಂಟೆ ಬರುತ್ತದೆ ಅಂತ ಪುಸ್ತಕ ಹೇಳೀತು. ತರಬೇತಿ ವಿಮಾನದ ಹಳೆಯ ಬ್ಯಾಟರಿಯನ್ನು ಅಷ್ಟು ನಂಬಬೇಡ. ದೀಪ ಹೊತ್ತಿತೋ, ಮೊದಲು ವಿಮಾನ ನೆಟ್ಟಗೆ ಹಾರುತ್ತಿದೆಯಾ ನೋಡು. ಆಮೇಲೆ ಚೆಕ್‌ಲಿಸ್ಟ್ ತೆಗೆ. ಅದು ಹೇಳಿದಂತೆ ಒಂದು ಸಲ ಆಲ್ಟರ್ನೇಟರ್ ರೀಸೆಟ್ ಮಾಡು. ಬ್ರೇಕರ್ ಮತ್ತೆ ಹಾರಿತೋ, ಅದನ್ನು ಮುಟ್ಟಲೇಬೇಡ. ಎಲ್ಲೋ ವೈರ್ ಕಾಯುತ್ತಿದೆ ಅಂತ ಅರ್ಥ. ಸುಟ್ಟ ವಾಸನೆ ಬಂದರಂತೂ ರೀಸೆಟ್ ಮಾತೇ ಇಲ್ಲ, ಮಾಸ್ಟರ್ ಸ್ವಿಚ್ ಆಫ್.

ಆಲ್ಟರ್ನೇಟರ್ ಮರಳದಿದ್ದರೆ ಪಿಟಾಟ್ ಹೀಟ್, ಲ್ಯಾಂಡಿಂಗ್ ಲೈಟ್, ಎರಡನೇ ರೇಡಿಯೋ ಎಲ್ಲ ಆರಿಸು. ಆದರೆ ಅದಕ್ಕೂ ಮೊದಲು, ದನಿ ಇರುವಾಗಲೇ, ಕಂಟ್ರೋಲಿಗೆ ಹೇಳಿಬಿಡು: ಆಲ್ಟರ್ನೇಟರ್ ಹೋಗಿದೆ, ಇಂಥ ಕಡೆ ಇಳಿಯುತ್ತೇನೆ, ರೇಡಿಯೋ ನಿಂತರೂ ನಿಲ್ಲಬಹುದು. ಎರಡೇ ವಾಕ್ಯ ಸಾಕು, ಮಾತಾಡುವುದಕ್ಕೇ ರೇಡಿಯೋ ಹೆಚ್ಚು ವಿದ್ಯುತ್ ತಿನ್ನುತ್ತದೆ. ಜಕ್ಕೂರಿನ ಪಕ್ಕದಲ್ಲೇ ಯಲಹಂಕ ವಾಯುನೆಲೆ, ಅದರಾಚೆ ದೇವನಹಳ್ಳಿಯ ವಿಮಾನ ನಿಲ್ದಾಣ. ಆ ಆಕಾಶದಲ್ಲಿ ಯಾರಿಗೂ ಹೇಳದೆ ಮೂಕಳಾಗಿ ಹಾರುವುದು ಸಣ್ಣ ಮಾತಲ್ಲ. ರೇಡಿಯೋ ನಿಂತೂ ಟ್ರಾನ್ಸ್‌ಪಾಂಡರ್‌ಗೆ ಜೀವವಿದ್ದರೆ ಅದರಲ್ಲಿ 7600 ಕೋಡ್ ಹಾಕು. ಟವರಿನಿಂದ ಹಸಿರು ದೀಪ ಮಿಣುಕದೆ ಉರಿದರೆ ಇಳಿಯಬಹುದು, ಕೆಂಪು ಹಾಗೆ ಉರಿದರೆ ಬೇರೆ ವಿಮಾನಕ್ಕೆ ದಾರಿಬಿಟ್ಟು ಸುತ್ತುತ್ತಿರಬೇಕು. ಫ್ಲಾಪ್ ಇಲ್ಲದೆ ಇಳಿಯಲು ಮನಸ್ಸು ಸಿದ್ಧವಿರಲಿ, ರನ್‌ವೇ ಉದ್ದ ಬೇಕು. ಪೂರ್ತಿ ಇಳಿಸಿದ ಫ್ಲಾಪ್ ಬ್ಯಾಟರಿ ಸತ್ತ ಮೇಲೆ ಮೇಲೇಳುವುದಿಲ್ಲ. ಗೋ ಅರೌಂಡ್ ಮಾಡಬೇಕಾಗಿ ಬಂದರೆ ಏನು ಗತಿ, ಯೋಚಿಸು.

ಅವತ್ತು ಪಯಣ ಅರ್ಧಕ್ಕೆ ನಿಂತರೆ ಗಂಟೆ ಲೆಕ್ಕ ಕಮ್ಮಿಯಾಗುತ್ತದೆ, ದುಡ್ಡು ಹೋಗುತ್ತದೆ, ಗೆಳೆಯರು ಏನಾದರೂ ಅಂದಾರು. ನಿಮ್ಮಪ್ಪ ಎಷ್ಟು ಕಷ್ಟಪಟ್ಟು ಫೀಸು ಕಟ್ಟಿದ್ದಾರೆ ಅಂತ ನನಗೂ ಗೊತ್ತು. ಹಾಗೆಂದೇ ಹೇಳುತ್ತೇನೆ, ಆ ಲೆಕ್ಕವನ್ನು ಮೇಲೆ ಕೂತು ಹಾಕಬೇಡ. ನಿನ್ನ ದಾರಿಯ ಒಂದೊಂದು ತುಂಡಿಗೂ ಎಲ್ಲಿ ಇಳಿಯುತ್ತೀಯೆ, ಎಲ್ಲಿಂದ ಮುಂದೆ ಹಿಂದಿರುಗುವುದಕ್ಕಿಂತ ಮುಂದಿನದೇ ಹತ್ತಿರ ಅನ್ನುವುದನ್ನು ಈಗಲೇ ಬರೆದಿಡು. ಈ ವಾರದೊಳಗೆ ಬರೆದು ನಿನ್ನ ಇನ್‌ಸ್ಟ್ರಕ್ಟರ್‌ಗೆ ತೋರಿಸಿ ಬಾ.