ಮ್ಯಾಂಗೋ ಪದದೊಳಗಿನ ಕಾಯಿ

ಪ್ರಶ್ನೆ: ಇಂಗ್ಲಿಷಿನಲ್ಲಿ ಮ್ಯಾಂಗೋ, ಫ್ರೆಂಚಿನಲ್ಲಿ ಮಾಂಗ್, ಪೋರ್ಚುಗೀಸಿನಲ್ಲಿ ಮಾಂಗ. ಹಾಗಾದರೆ ಈ ಪದ ಲ್ಯಾಟಿನ್ನಿನದೇ? ಪೋರ್ಚುಗೀಸ್ ನಿಘಂಟು ಇದಕ್ಕೆ ‘ಅಂಗಿಯ ತೋಳು’ ಎಂಬ ಅರ್ಥವನ್ನೂ ಕೊಡುತ್ತದಲ್ಲ?
– ಓದುಗರೊಬ್ಬರು, ಬೈರಕೂರು, ಮುಳಬಾಗಿಲು ತಾಲ್ಲೂಕು

ಉತ್ತರ: ಮಾವಿನ ಸೀಮೆಯಿಂದಲೇ ಈ ಪ್ರಶ್ನೆ ಬಂದದ್ದು ಸಂತೋಷ. ಯುರೋಪಿನ ಹಲವು ಭಾಷೆಗಳಲ್ಲಿ ಒಂದೇ ಪದ ಕಂಡರೆ ಲ್ಯಾಟಿನ್ ನೆನಪಾಗುವುದು ಸಹಜ. ಆದರೆ ಇದು ನಮ್ಮ ದಕ್ಷಿಣದಿಂದ ಅಲ್ಲಿಗೆ ಹೋದ ಪದ.

ಮಾವಿನಕಾಯಿಗೆ ತಮಿಳರು ಮಾಂಗಾಯ್ ಎನ್ನುತ್ತಾರೆ, ಮಲಯಾಳಿಗಳು ಮಾಙ್ಙ ಎನ್ನುತ್ತಾರೆ. ಮೊದಲಿನ ‘ಮಾ’ ನಮ್ಮ ‘ಮಾಮರ’ದಲ್ಲಿರುವ ಮಾ, ನಿಮ್ಮ ಕಡೆ ಕೇಳಿಬರುವ ತೆಲುಗಿನ ‘ಮಾಮಿಡಿ’ಯಲ್ಲಿರುವುದೂ ಅದೇ. ಉಳಿದದ್ದು ಕಾಯಿ. ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರ ಬಾಯಲ್ಲಿ ಇದು ‘ಮಾಂಗ’ ಆಯಿತು. ಅವರು ಮಲಯಾಳಂನಿಂದ ನೇರವಾಗಿ ಪಡೆದರೋ, ಮಲಯ ಭಾಷೆಯ ‘ಮಂಗ್ಗ’ದ ಮೂಲಕವೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಮಲಯದ ಪದಕ್ಕೂ ತಮಿಳೇ ಮೂಲವೆನ್ನುವುದರಿಂದ ತವರು ಬದಲಾಗುವುದಿಲ್ಲ. ಪೋರ್ಚುಗೀಸರಿಂದ ಪದ ಯುರೋಪಿನ ಉಳಿದ ಭಾಷೆಗಳಿಗೆ ಹರಡಿತು. ಲ್ಯಾಟಿನ್ ಬಂದದ್ದು ಆಮೇಲೆ: 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದೇ ಪದಕ್ಕೆ ‘ಬಿಡುವ, ಹೊರುವ’ ಎಂಬರ್ಥದ ಲ್ಯಾಟಿನ್ ಬಾಲ ಅಂಟಿಸಿ ಮರಕ್ಕೆ ‘ಮ್ಯಾಂಜಿಫೆರ ಇಂಡಿಕ’ ಎಂದು ಹೆಸರಿಟ್ಟ.

ಇನ್ನು ಅಂಗಿಯ ತೋಳು. ಆ ‘ಮಾಂಗ’ ಬೇರೆಯೇ ಪದ, ಅದು ಮಾತ್ರ ಅಪ್ಪಟ ಲ್ಯಾಟಿನ್. ಕೈ ಎಂಬರ್ಥದ ‘ಮಾನುಸ್’ನಿಂದ ‘ಮಾನಿಕ’, ಅದರಿಂದ ಮಾಂಗ. ನಮ್ಮಲ್ಲಿ ‘ಅರಸು’ ಎಂದರೆ ರಾಜನೂ ಹೌದು, ಹುಡುಕು ಎಂದೂ ಹೌದು, ಎರಡಕ್ಕೂ ನಂಟಿಲ್ಲ. ಇದೂ ಹಾಗೆಯೇ. ಜಪಾನಿನ ಚಿತ್ರಕಥೆಗಳ ‘ಮಾಂಗ’ಕ್ಕೂ ಮಾವಿಗೂ ಸಂಬಂಧವಿಲ್ಲ.

ನನಗೆ ತಮಾಷೆಯೆನಿಸುವುದು ಇಂಗ್ಲಿಷರ ಕಥೆ. ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಸಾಗುವ ಹಡಗಿನಲ್ಲಿ ಹಣ್ಣು ಕೆಡದೆ ಉಳಿದೀತೆ? ಇಂಗ್ಲೆಂಡ್ ಮುಟ್ಟಿದ್ದು ಉಪ್ಪಿನಕಾಯಿ. ಹೀಗಾಗಿ ಅಲ್ಲಿನ ಅಡುಗೆಯವರಿಗೆ ‘ಮ್ಯಾಂಗೋ’ ಎಂದರೆ ಉಪ್ಪಿನಕಾಯಿ ಎಂದೇ ಆಯಿತು. ಮಸಾಲೆ ತುಂಬಿ ಹುಳಿಯಲ್ಲಿ ನೆನೆಸಿದ ಸೌತೆ, ಕರಬೂಜಗಳೂ ಮ್ಯಾಂಗೋಗಳಾದವು. ಹಾಗೆ ನೆನೆಸುವ ಕೆಲಸಕ್ಕೂ ಅದೇ ಕ್ರಿಯಾಪದ. ಅಮೆರಿಕದ ಮಧ್ಯಪಶ್ಚಿಮದ ಕೆಲವೆಡೆ ಹಳಬರು ದೊಣ್ಣೆ ಮೆಣಸಿನಕಾಯಿಯನ್ನು ಮ್ಯಾಂಗೋ ಎನ್ನುವುದು ಈ ಬಳಕೆಯ ಉಳಿಕೆ.

ತಮಿಳಿನಲ್ಲಿ ಮಾಗಿದ ಹಣ್ಣಿಗೆ ‘ಮಾಂಬಳಂ’ ಎಂಬ ಬೇರೆ ಹೆಸರಿದೆ. ಯುರೋಪಿಗೆ ಹೋದದ್ದು ಕಾಯಿಯ ಹೆಸರೊಂದೇ. ಹಾಗಾಗಿ ನಿಮ್ಮ ಪಕ್ಕದ ಶ್ರೀನಿವಾಸಪುರದ ರಸಪುರಿ ಎಷ್ಟೇ ಮಾಗಿದರೂ ಅವರ ಲೆಕ್ಕದಲ್ಲಿ ಅದು ಕಾಯಿಯೇ!