ದೋಣಿಯಿಲ್ಲದೆ ಗಾಳ ಎಳೆಯುವ ಕ್ರಮ



ಓಡುವ ದೋಣಿಯ ಹಿಂದೆ ಗಾಳ ಎಳೆದು ಮೀನು ಹಿಡಿಯುವುದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನಮ್ಮ ಕೆರೆಗಳಿಗೆ ದೋಣಿ ಎಲ್ಲಿಂದ ತರೋಣ? ಬೇಕಾಗಿಯೂ ಇಲ್ಲ. ದಡದಲ್ಲಿ ನಡೆಯುತ್ತಲೇ ದಾರ ಎಳೆಯಬಹುದು.

ಓಡುವ ಎರೆಯನ್ನು ಅಟ್ಟಿ ಬರುವುದು ಕೊರಮೀನು. ಕಾಟ್ಲಾ, ರೋಹು ಹಾಗೆ ಬರುವುದಿಲ್ಲ. ಅವಕ್ಕೆ ಕದಲದ ಗಾಳ, ರಾಗಿಮುದ್ದೆಯ ಉಂಡೆ. ಇದು ತಿಳಿಯದೆ ನಾವು ಒಂದು ಬೇಸಿಗೆಯೆಲ್ಲ ಬರಿಗೈಯಲ್ಲಿ ಮನೆಗೆ ಬಂದದ್ದುಂಟು.

ಬಿದಿರಿನ ಗಳು, ಮೂರು ನಾಲ್ಕು ಮಾರು ನೈಲಾನ್ ದಾರ, ಗಟ್ಟಿ ಕೊಕ್ಕೆ, ಎರೆಗೆ ಸಣ್ಣ ಮೀನು: ಇಷ್ಟೇ ಖರ್ಚು. ಕೊರಮೀನು ಗಾಳಿ ನುಂಗಲು ನೀರಿನ ಮೇಲಕ್ಕೆ ಬರುತ್ತದೆ. ಬೆಳಗಿನ ಹೊತ್ತು ಜೊಂಡಿನ ಅಂಚಿನಲ್ಲಿ ಅದು ಎದ್ದ ಜಾಗ ನೋಡಿಕೊಂಡು ನಿಧಾನವಾಗಿ ಎಳೆಯಿರಿ. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ಕಂಡರೆ ಮಾತ್ರ ಗಾಳ ಎತ್ತಿಬಿಡಿ. ಕೆಳಗೆ ಹೆತ್ತ ಮೀನು ಕಾವಲಿರುತ್ತದೆ; ಅದನ್ನು ಹಿಡಿದರೆ ಮರಿಗಳು ಕಂಡವರ ಪಾಲು.

ಮೀನುಪಾಶುವಾರು ಹಿಡಿದವರನ್ನು ಮೊದಲು ಕೇಳಿ. ದುಡ್ಡು ಹಾಕಿ ಮರಿ ಬಿಟ್ಟವರು ಅವರು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದದ್ದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಆ ನೀರು ತುಂಬಿದ ಕೆರೆಗಳ ಮೀನನ್ನು ಮೀನುಗಾರಿಕೆ ಇಲಾಖೆಯವರಲ್ಲಿ ವಿಚಾರಿಸಿದ ಮೇಲೆಯೇ ಒಲೆಗೇರಿಸಿ.